ಗುಳ್ಳೆ ಏಳದ ಗ್ಲಾಸು

ಪಿಸ್ತೂಲಿನ ತುದಿ ನನ್ನ ಹೊಟ್ಟೆಗೆ ಒತ್ತಿತ್ತು. ಎರಡೂ ಕೈಯಲ್ಲಿ ಒಂದೊಂದು ವೈನ್ ಬಾಟಲಿ!

ನಗಬೇಡಿ. ರಜೆಗೆ ಗುಳ್ಳೆ ಏಳುವ ಒಳ್ಳೆಯ ಇಟಾಲಿಯನ್ ಸ್ಪಾರ್ಕ್ಲಿಂಗ್ ವೈನ್ ಆರಿಸುವುದು ಹೇಗೆ ಅಂತ ಕೇಳಿದವರು ನೀವೇ. ಹೇಳುತ್ತೇನೆ, ಕೇಳಿ.

ಅಕ್ಕ ಮಧ್ಯಾಹ್ನದ ಊಟಕ್ಕೆ ಕರೆದಿದ್ದಳು. ಬರುವಾಗ ಒಳ್ಳೆಯ ಬಾಟಲಿ ನೋಡಿ ತಾ ಅಂದಿದ್ದಳು. ಪತ್ತೇದಾರಿಕೆಗೆ ಇಳಿಯುವ ಮೊದಲು ಹೋಟೆಲ್ ಬಾರಿನಲ್ಲಿ ಬಾಟಲಿ ತೆರೆಯುತ್ತಿದ್ದವನು ನಾನು. ಆಮೇಲೆ ಅಕ್ಕ ದನಿ ತಗ್ಗಿಸಿ ಇನ್ನೊಂದು ಮಾತು ಸೇರಿಸಿದಳು.

"ರಜೆ ಮುಗೀಲಿ. ನಿಮ್ ಭಾವನ್ನ ಬಿಡ್ತಿದೀನಿ. ಅವರಿಗೂ ಹೇಳಿದೀನಿ."

ಮನೆ ಅವಳದು. ಬಟ್ಟೆ ಅಂಗಡಿ ಅವಳದು. ಭಾವನದು ಅಂತ ಇದ್ದದ್ದು ಗರಿಗರಿ ಇಸ್ತ್ರಿಯ ಅಂಗಿ, ಬೆಣ್ಣೆಯಂಥ ಮಾತು. ಅವಳು ಬಿಟ್ಟರೆ ಅವನು ಬೀದಿಗೆ.

ಅಂಗಡಿಯವನು ಮೊದಲು ಪ್ರೊಸೆಕ್ಕೊ ತೋರಿಸಿದ. ದೊಡ್ಡ ಉಕ್ಕಿನ ತೊಟ್ಟಿಯಲ್ಲಿ ಹುದುಗಿಸುವ ವೈನ್. ಹಗುರ, ಹಣ್ಣಿನ ಘಮ, ಹರಟೆಗೆ ಸರಿ. ಲೇಬಲ್ ಮೇಲೆ ‘ಎಕ್ಸ್‌ಟ್ರಾ ಡ್ರೈ’ ಅಂತಿದ್ದರೆ ಮೋಸ ಹೋಗಬೇಡಿ, ಅದು ಸಿಹಿ ಕಮ್ಮಿಯ ಬ್ರೂಟ್‌ಗಿಂತ ಸಿಹಿ. ನಾನು ಫ್ರಾಂಚಾಕೋರ್ತಾ ಬ್ರೂಟ್ ಕೇಳಿದೆ. ಅದು ಬಾಟಲಿಯೊಳಗೇ ಎರಡನೇ ಸಲ ಹುದುಗುತ್ತದೆ. ಗುಳ್ಳೆ ಸಣ್ಣ, ಒತ್ತಡ ಮಾತ್ರ ಕಾರಿನ ಟೈರಿಗಿಂತ ಜಾಸ್ತಿ.

ನಿನ್ನೆ ಗರಿಗರಿ ಅಂಗಿಯವರೊಬ್ಬರು ಇದನ್ನೇ ಕೊಂಡರು, ತೆಗೆಯೋಕೆ ಕಾರ್ಕ್ ಸ್ಕ್ರೂ ಬೇರೆ ಕೇಳಿದರು ಅಂತ ಅಂಗಡಿಯವನು ನಕ್ಕ. ಕೈಯಲ್ಲಿ ತೆಗೆಯುವ ಕಾರ್ಕಿಗೆ ಸ್ಕ್ರೂ! ನಾನೂ ನಕ್ಕೆ. ಎರಡು ಬಾಟಲಿ ಹಿಡಿದು ಹೊರಬಂದೆ.

ಪಾರ್ಕಿಂಗ್ ಜಾಗದಲ್ಲಿ ಪಿಸ್ತೂಲು ಕಾಯುತ್ತಿತ್ತು. ಹಿಡಿದವನಿಗೆ ಕುತ್ತಿಗೆಯೇ ಇರಲಿಲ್ಲ. ಹೆಗಲ ಮೇಲೆ ನೇರವಾಗಿ ತಲೆ.

"ಸಾಯಂಕಾಲದ ತನಕ ನನ್ ಜೊತೆ ಇರು. ಊಟ ಇನ್ಯಾವತ್ತಾದ್ರೂ ಮಾಡು."

ಊಟ?

ಊಟದ ವಿಷಯ ಗೊತ್ತಿದ್ದವರು ಅಕ್ಕ, ನಾನು... ಮತ್ತೆ ಭಾವ. ಗರಿಗರಿ ಅಂಗಿ! ನನ್ನನ್ನು ದೂರ ಇಟ್ಟು ಅಕ್ಕನಿಗೆ ಏನು ಮಾಡಲಿದ್ದಾನೆ?

ಬಾಟಲಿ ಕೆಳಗಿಡು ಅಂದ. ಒಂದನ್ನು ಇಟ್ಟೆ. ಬಗ್ಗಿದಲ್ಲೇ ಇನ್ನೊಂದನ್ನು ಕುಲುಕಿದೆ, ಕಾರ್ಕಿನ ತಂತಿ ಸಡಿಲಿಸಿದೆ, ಹೆಬ್ಬೆರಳಿನಿಂದ ತಳ್ಳಿದೆ.

ಢಬ್!

ಕಾರ್ಕ್ ಅವನ ಕಣ್ಣಿಗೇ ಬಡಿಯಿತು. ಪಿಸ್ತೂಲಿನಿಂದ ಗುಂಡು ಹಾರಿ ಯಾರದೋ ಕಾರಿನ ಗಾಜು ಪುಡಿಯಾಯಿತು. ಉಳಿದ ಬಾಟಲಿ ಎತ್ತಿಕೊಂಡು ನನ್ನ ಕಾರಿಗೆ ಹಾರಿದೆ. ಒಂದೇ ಕಣ್ಣಿನಲ್ಲಿ ಅವನೂ ವ್ಯಾನಿನಲ್ಲಿ ಬೆನ್ನಟ್ಟಿದ. ಒನ್‌ವೇ ರಸ್ತೆಗೆ ಉಲ್ಟಾ ನುಗ್ಗಿದೆ. ಎದುರು ಬಂದ ಲಾರಿಯ ಪಕ್ಕದಲ್ಲಿ ಕೂದಲೆಳೆಯಲ್ಲಿ ಪಾರಾದೆ. ವ್ಯಾನು ಲಾರಿಗೆ ಗುದ್ದಿದ ಸದ್ದು ಕೇಳಿಸಿತು. ತಿರುಗಿ ನೋಡಲಿಲ್ಲ.

ಅಕ್ಕನಿಗೆ ಫೋನ್ ಮಾಡಿದೆ. ಎತ್ತಿದವನು ಭಾವ.

"ಅವಳು ಅಡುಗೆಮನೇಲಿದಾಳೆ. ನೀನು ನಿಧಾನಕ್ಕೇ ಬಾ."

ಆ ಬೆಣ್ಣೆ ಮಾತು ಕೇಳಿ ಆಕ್ಸಿಲರೇಟರ್ ಒತ್ತಿದೆ.

ನಾನು ನುಗ್ಗಿದಾಗ ಅಕ್ಕ ಊಟದ ಮೇಜಿನ ಮುಂದಿದ್ದಳು. ಗ್ಲಾಸು ಇನ್ನೇನು ತುಟಿಗೆ ತಾಗಬೇಕು. ನಾನು ತಡ ಮಾಡಿದ್ದಕ್ಕೆ ತಾನೇ ಒಂದು ಬಾಟಲಿ ತಂದೆ ಅಂದ ಭಾವ. ಜನ್ಮದಲ್ಲಿ ಒಂದು ಹನಿ ಮುಟ್ಟದವನು!

ಗ್ಲಾಸಿನಲ್ಲಿ ಒಂದೇ ಒಂದು ಗುಳ್ಳೆಯೂ ಇರಲಿಲ್ಲ.

"ಅಕ್ಕ, ಅದನ್ನ ಕೆಳಗಿಡು."

ನನ್ನ ಮುಖ ನೋಡಿ ಇಟ್ಟಳು.

ಮೇಜಿನ ಮೇಲಿದ್ದ ಕಾರ್ಕ್ ಎತ್ತಿ ನೋಡಿದೆ. ಒಮ್ಮೆ ಹೊರಬಂದ ಕಾರ್ಕ್ ಅಣಬೆಯಂತೆ ಅರಳುತ್ತದೆ, ಮತ್ತೆ ಒಳಗೆ ಹೋಗುವುದಿಲ್ಲ. ಇದರ ಸುತ್ತ ಚಾಕುವಿನಿಂದ ಹೆರೆದ ಗುರುತು. ಹೆರೆದು ತುರುಕಿದ್ದ. ಅಷ್ಟರಲ್ಲಿ ಒಳಗಿನ ಗ್ಯಾಸ್ ಹೊರಗೆ ಹೋಗಿತ್ತು, ಹೊರಗಿನದು ಏನೋ ಒಳಗೆ ಸೇರಿತ್ತು. ಕುಡಿಯುವವನಾಗಿದ್ದರೆ ಈ ದಡ್ಡತನ ಮಾಡುತ್ತಿರಲಿಲ್ಲ.

"ಭಾವ, ನೀವೊಂದು ಗುಟುಕು ಕುಡೀರಿ."

"ನಾನು ಕುಡಿಯಲ್ಲ, ಗೊತ್ತಲ್ಲ ನಿಂಗೆ."

"ಇವತ್ತೊಂದಿನ."

ಗರಿಗರಿ ಅಂಗಿ ಬೆವರಿಗೆ ಬೆನ್ನಿಗಂಟಿತು. ಅಕ್ಕ ಗ್ಲಾಸು ನೋಡಿದಳು. ಗಂಡನನ್ನು ನೋಡಿದಳು. ಆಮೇಲೆ ಗ್ಲಾಸನ್ನು ತಾನೇ ಅವನ ಮುಂದೆ ಸರಿಸಿದಳು.

"ಕುಡೀರಿ."

ಸುಳ್ಳು ಯಾಕೆ ಹೇಳಲಿ, ನನಗೆ ಅಳುವೇ ಬಂತು.

ಅವನು ಬಾಗಿಲಿಗೆ ಓಡಿದ. ಕಾಲು ಅಡ್ಡ ಕೊಟ್ಟೆ. ಮುಗ್ಗರಿಸಿ ಬಿದ್ದವನ ಬೆನ್ನ ಮೇಲೆ, ಅಕ್ಕ ಫೋನ್ ಮಾಡಿ ಕರೆದ ಪೊಲೀಸರು ಬರುವ ತನಕ ಕೂತಿದ್ದೆ. ಅವರು ಅವನನ್ನೂ ಗ್ಲಾಸನ್ನೂ ಬಾಟಲಿಯನ್ನೂ ಒಯ್ದರು.

ಅವರು ಹೋದ ಮೇಲೆ ಅಕ್ಕ ನೀನು ತಂದ ಬಾಟಲಿ ಎಲ್ಲಿ ಅಂತ ಕೇಳಿದಳು. ಕಾರಿನಿಂದ ತಂದು, ತಣ್ಣಗೆ ಮಾಡಿ, ಕಾರ್ಕ್ ಹಿಡಿದು ಬಾಟಲಿಯನ್ನು ಮೆಲ್ಲಗೆ ತಿರುಗಿಸಿದೆ. ಕಾರ್ಕ್ ತಾನಾಗಿಯೇ ಅಂಗೈ ತಳ್ಳಿತು. ಗ್ಲಾಸಿನ ತುಂಬ ಸಣ್ಣ ಗುಳ್ಳೆ. ಅಕ್ಕ ಒಂದು ಗುಟುಕು ಕುಡಿದು, ಒಳ್ಳೆಯದನ್ನೇ ಆರಿಸಿದೀಯ ಅಂದಳು.

ವೈನ್ ಆರಿಸುವಾಗ ನನ್ನನ್ನು ಕೇಳಿದ್ದಳಲ್ಲ. ಗಂಡನನ್ನು ಆರಿಸುವಾಗ ಕೇಳಿರಲಿಲ್ಲ!