ಕಪ್ಪು ಚರ್ಮದ ಫೈಲು

ಆ ಮಂಗಳವಾರ ಬೆಳಗ್ಗೆ ದಾವಣಗೆರೆಯ ಮೇಲೆ ದಟ್ಟ ಮಂಜು ಬಿದ್ದಿತ್ತು. ಮಂಡಕ್ಕಿ ಭಟ್ಟಿಗಳ ಹೊಗೆ ಮೇಲೇರಲಾರದೆ ಮಂಜಿನೊಳಗೇ ಕಲೆತು, ನಿಟ್ಟುವಳ್ಳಿಯ ಓಣಿಗಳಲ್ಲೆಲ್ಲ ಸುಟ್ಟ ಹೊಟ್ಟಿನ ವಾಸನೆ ಹರಡಿತ್ತು. ಎದುರು ಮನೆಯ ರಂಗೋಲಿಯೂ ಕಾಣದಂಥ ಬೆಳಗು. ಕನ್ನಡಿಯ ಮುಂದೆ ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದ ಬಕ್ಕೇಶನಿಗೆ ಅದು ಒಳ್ಳೆಯ ಶಕುನವಾಗಿ ತೋರಿತು. ಮುಚ್ಚಿಡುವುದು ಇರುವವನಿಗೆ ಮಂಜು ದೇವರೇ ಹೊದಿಸಿದ ಶಾಲು.

"ನಿಮ್ಮ ಫೈಲು ಎಲ್ಲೈತ್ರಿ?" ಹೆಂಡತಿ ಉಮಾಮಹೇಶ್ವರಿ ಅಡುಗೆಮನೆಯಿಂದಲೇ ಕೇಳಿದಳು.

"ಹುಡುಗರಿಗೆ ಕೊಟ್ಟೀನಿ."

"ಊರಿಗೆಲ್ಲ ಫೈಲು ಹಂಚಿ, ನೀವು ಸೀರೆ ಅಂಗಡಿ ಕವರಿನಾಗೆ ಸರ್ಟಿಫಿಕೇಟ್ ಹಿಡ್ಕೊಂಡು ಹೋಗ್ರಿ. ಅಲ್ಲಿ ಕೆಲಸ ಕೊಡಲ್ಲ, ಬ್ಲೌಸ್ ಪೀಸ್ ಎಲ್ಲಿ ಅಂತಾರೆ." ನಗುತ್ತಲೇ ಬಂದವಳು ಅವನ ಹಣೆಗೆ ವಿಭೂತಿ ಹಚ್ಚುವಾಗ ದನಿ ತಗ್ಗಿಸಿದಳು. "ಈ ಸಲ ಆಗ್ತೈತೆ ಬಿಡ್ರಿ. ಎಷ್ಟು ಮಂದೀನ ದಡ ಹತ್ತಿಸೀರಿ."

ಅವನಿಗೆ ಚುಚ್ಚುತ್ತಿದ್ದುದು ಆ ಮಾತೇ. ಬಕ್ಕೇಶ ಖಾಸಗಿ ಕಾಲೇಜೊಂದರಲ್ಲಿ ಕೊನೆಯ ವರ್ಷದ ಹುಡುಗರಿಗೆ ಇಂಟರ್‌ವ್ಯೂ ಎದುರಿಸುವ ಬಗೆ ಕಲಿಸುತ್ತಿದ್ದ. ಬಾಗಿಲು ಹೇಗೆ ತಟ್ಟಬೇಕು, ಕುರ್ಚಿಯ ಅಂಚಿನಲ್ಲಿ ಕೂರದೆ ಹೇಗೆ ಕೂರಬೇಕು, ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದು ಹೇಗೆ ಸೊಗಸಾಗಿ ಒಪ್ಪಿಕೊಳ್ಳಬೇಕು, ಕೊನೆಯ ತರಗತಿಯಲ್ಲಿ ಕಂಪನಿಗೆ ಫೋನು ಮಾಡಿ ಥ್ಯಾಂಕ್ಸ್ ಹೇಳುವುದು ಹೇಗೆ, ಎಲ್ಲವನ್ನೂ. ಕಿವಿಗೆ ಕೈ ಹಿಡಿದು ಸುಳ್ಳು ಫೋನು ಮಾಡಿಸುವ ಆ ಕೊನೆಯ ತರಗತಿಯಲ್ಲಿ ಹುಡುಗರು ನಕ್ಕು ನಕ್ಕು ಬೀಳುತ್ತಿದ್ದರು. ಅವನ ಕೈಯಿಂದ ಪಾಠ ಹೇಳಿಸಿಕೊಂಡವರು ಬ್ಯಾಂಕು, ಆಸ್ಪತ್ರೆ, ಕಾರ್ಖಾನೆಗಳಲ್ಲಿ ಕುರ್ಚಿ ಹಿಡಿದು ಕೂತಿದ್ದರು. ಅವನು ಮಾತ್ರ ತಾತ್ಕಾಲಿಕ. ಬರುವ ಮಾರ್ಚಿಗೆ ಅದೂ ಇಲ್ಲ ಎಂದು ಪ್ರಿನ್ಸಿಪಾಲರು ಹೇಳಿಯಾಗಿತ್ತು.

ಅವನ ಬಳಿ ಒಂದು ಕಪ್ಪು ಚರ್ಮದ ಫೈಲಿತ್ತು. ಒಳ್ಳೆಯ ಫೈಲು ಕೊಳ್ಳಲಾಗದ ಮಕ್ಕಳಿಗೆ ಇಂಟರ್‌ವ್ಯೂ ದಿನ ಅದನ್ನೇ ಕೊಡುತ್ತಿದ್ದ. ಷರತ್ತು ಒಂದೇ: ಕೆಲಸ ಸಿಕ್ಕ ದಿನ ತಂದುಕೊಡಬೇಕು, ಅದಕ್ಕೆ ಮೊದಲಲ್ಲ. ಫೈಲು ಎಷ್ಟೋ ಸಲ ಹೋಗಿ, ಎಷ್ಟೋ ಸಲ ಪೇಡೆಯ ಪೊಟ್ಟಣದ ಜೊತೆ ಮರಳಿ ಬಂದಿತ್ತು. ಈ ಸಲ ಅದು ಹದಡಿ ಊರಿನ ಅವನ ಶಿಷ್ಯೆ ಸುಧಾಳ ಕೈಯಲ್ಲಿತ್ತು.

ಹರಿಹರದ ಕಾರ್ಖಾನೆಯೊಂದಕ್ಕೆ ತರಬೇತಿ ಅಧಿಕಾರಿ ಬೇಕಾಗಿತ್ತು. ಕಾಯಂ ಕೆಲಸ. ಬಕ್ಕೇಶ ಯಾರಿಗೂ ಹೇಳದೆ ಅರ್ಜಿ ಹಾಕಿದ್ದ; ವಯಸ್ಸಿನ ಮಿತಿ ಈ ವರ್ಷಕ್ಕೆ ಮುಗಿಯುತ್ತಿತ್ತು. ಮೊದಲ ಸುತ್ತು ದಾಟಿ ಖುಷಿಯಲ್ಲಿದ್ದಾಗ ಸುಧಾ ಕಾಲೇಜಿಗೆ ಓಡಿಬಂದು ಮೊಬೈಲು ತೋರಿಸಿದಳು. "ಸರ್, ಇಬ್ರೇ ಉಳಿದೀವಂತ್ರಿ. ಇನ್ನೊಬ್ರು ಯಾರೋ ಗೊತ್ತಿಲ್ಲ. ಮಂಗಳವಾರ ಬಾ ಅಂದಾರೆ."

ಆ ಇನ್ನೊಬ್ಬನಾದ ಬಕ್ಕೇಶ ಕಣ್ಣು ಮಿಟುಕಿಸದೆ ಅವಳಿಗೆ ಶುಭ ಕೋರಿ ಫೈಲು ಕೊಟ್ಟ. ಕೊಡದಿದ್ದರೆ ಯಾಕೆಂದು ಹೇಳಬೇಕಾಗುತ್ತಿತ್ತು. ಎದುರುಬದುರು ಕೂತರೆ ಸುಧಾಳೇ ಗೆಲ್ಲುತ್ತಾಳೆಂದು ಅವನಿಗೆ ಗೊತ್ತಿತ್ತು. ಅವಳನ್ನು ತಿದ್ದಿ ತೀಡಿದವನೇ ಅವನು.

ಆದ್ದರಿಂದ ಅವಳು ಎದುರು ಕೂರಲೇಬಾರದು.

ಯೋಜನೆ ಸರಳವಾಗಿತ್ತು, ಸರಳವಾದದ್ದು ಜಾರುವುದಿಲ್ಲ ಎಂದು ಅವನು ನಂಬಿದ್ದ. ಹಿಂದಿನ ಬ್ಯಾಚಿನ ಯಾರೋ ಬೆಂಚಿನ ಕೆಳಗೆ ಬೀಳಿಸಿಕೊಂಡು ಹೋಗಿದ್ದ, ಗುಂಡಿ ಒತ್ತುವ ಹಳೆಯ ಫೋನೊಂದು ಅವನ ಡ್ರಾಯರಿನಲ್ಲಿತ್ತು. ಅದಕ್ಕೆ ಗುರುತಿಲ್ಲದ ಅಂಗಡಿಯಲ್ಲಿ ರೀಚಾರ್ಜ್ ಮಾಡಿಸಿದ. ಸುಧಾ ತೋರಿಸಿದ್ದ ಸಂದೇಶದ ಧಾಟಿಯಲ್ಲೇ, ಕಾರ್ಖಾನೆಯ ಹೆಸರಿನಲ್ಲಿ, ಸಂದರ್ಶನ ಗುರುವಾರಕ್ಕೆ ಹೋಗಿದೆ, ಈ ಸಂಖ್ಯೆಗೆ ಉತ್ತರಿಸಬೇಡಿ ಎಂದು ಬರೆದು ಶನಿವಾರ ಸಂಜೆ ಕಳಿಸಿದ. ಅವಳಿಗೆ ಅನುಮಾನ ಬಂದರೆ? ಸಂಕೋಚದ ಹುಡುಗಿ, ಆಫೀಸಿಗೆ ಫೋನು ಮಾಡಿ ಯಾಕೆ ಏನು ಎಂದು ಪ್ರಶ್ನಿಸುವವಳಲ್ಲ. ಕೇಳಿದರೆ ತನ್ನನ್ನೇ ಕೇಳುತ್ತಾಳೆ.

ಹಾಗೆಯೇ ಆಯಿತು. ಅದೇ ಸಂಜೆ ಅವನು ದೇವರ ದೀಪಕ್ಕೆ ಎಣ್ಣೆ ಹಾಕುತ್ತಿದ್ದಾಗಲೇ ಅವಳ ಫೋನು ಬಂತು.

"ಸರ್, ಇಂಟರ್‌ವ್ಯೂ ಗುರುವಾರಕ್ಕೆ ಹಾಕ್ಯಾರಂತ್ರಿ. ಮೆಸೇಜ್ ಬಂತು. ಹೆಂಗೆ ಮಾಡ್ಲಿ?"

"ಕಂಪನಿಯವ್ರು ಹಂಗೇ ಕಣಮ್ಮ. ಗುರುವಾರಾನೇ ಹೋಗು. ತಲೆ ಕೆಡಿಸ್ಕೋಬ್ಯಾಡ, ಇನ್ನೂ ಎರಡು ದಿನ ಓದಾಕೆ ಸಿಕ್ತು ಅನ್ಕೋ."

"ನೀವಂದ್ರೆ ಆತು ಬಿಡ್ರಿ ಸರ್."

ಫೋನಿಟ್ಟು ಬತ್ತಿ ಸರಿಮಾಡಿದ. ದೀಪ ಎಂದಿನಂತೆ ನೆಟ್ಟಗೆ ಉರಿಯಿತು. ಅದರತ್ತ ಅವನು ಹೆಚ್ಚು ಹೊತ್ತು ನೋಡಲಿಲ್ಲ.

ಈಗ, ಮಂಗಳವಾರ, ಅವನು ಬೇಗನೇ ಹರಿಹರದಲ್ಲಿ ಬಸ್ಸಿಳಿದು ಹರಿಹರೇಶ್ವರನ ಗುಡಿಗೆ ಹೋದ. ಒಂದೇ ಮೈಯಲ್ಲಿ ಇಬ್ಬರು ನಿಂತ ಆ ಮೂರ್ತಿಯ ಮುಂದೆ ಕೈಮುಗಿದಾಗ ಏನು ಬೇಡುವುದೋ ತಿಳಿಯದೆ ಬರಿದೆ ನಿಂತ. ಆಮೇಲೆ ಹೊಳೆಯ ದಂಡೆಗೆ ಇಳಿದು ಗುಂಡಿ ಫೋನನ್ನು ನೀರಿಗೆ ಎಸೆದ. ಮಂಜಿನಲ್ಲಿ ಅದು ಬಿದ್ದದ್ದು ಕಾಣಲಿಲ್ಲ, ಗುಳುಂ ಎಂದದ್ದು ಕೇಳಿಸಿತು. ಬಟ್ಟೆ ಒಗೆಯುತ್ತಿದ್ದ ಮುದುಕಿಯೊಬ್ಬಳು, "ಹೊಳೆಗೆ ಕಾಸು ಹಾಕಿದ್ಯಾ? ಒಳ್ಳೇದಾಗ್ಲಿ ತಗಾ," ಎಂದಳು.

ಕಾರ್ಖಾನೆಯ ಬೆಂಚಿನಲ್ಲಿ ಬೇರೆ ಯಾರೂ ಇರಲಿಲ್ಲ. ಬಕ್ಕೇಶ ಸೀರೆ ಅಂಗಡಿಯ ಕವರನ್ನು ಮಡಿಲಲ್ಲಿಟ್ಟುಕೊಂಡು ಕಾದ. ಕರೆ ಬಂದಾಗ ಬಾಗಿಲನ್ನು ಹದವಾಗಿ ತಟ್ಟಿದ. ಕುರ್ಚಿಯ ತುಂಬ ಕೂತ. ಸಿಬ್ಬಂದಿ ವಿಭಾಗದ ಹಿರಿಯ ವಾಮದೇವಪ್ಪನವರು ಹಣೆತುಂಬ ವಿಭೂತಿ ಧರಿಸಿದ ಮೆಲುಮಾತಿನ ಮನುಷ್ಯ. "ಕೂಡ್ರಿ, ನೀರು ಕುಡೀರಿ," ಎಂದು ಉಪಚರಿಸಿ ಪ್ರಶ್ನೆ ಕೇಳಿದರು. ಇಷ್ಟು ವರ್ಷ ಕಲಿಸಿದ್ದೆಲ್ಲ ಬಕ್ಕೇಶನ ನಾಲಗೆಗೆ ತಾನಾಗಿ ಬಂತು. ಗೊತ್ತಿದ್ದುದನ್ನು ಬಿಡಿಸಿ ಹೇಳಿದ. ಗೊತ್ತಿಲ್ಲದ್ದನ್ನು ಒಪ್ಪಿಕೊಂಡ. ಬದುಕಿನಲ್ಲಿ ಮೊದಲ ಸಲ ತಾನು ಗೆಲ್ಲುತ್ತಿದ್ದೇನೆ ಅನ್ನಿಸಿತು.

"ಚಲೋ ಆತು," ಎಂದರು ವಾಮದೇವಪ್ಪ. "ಇನ್ನೊಂದೇ ಐತೆ, ಗುರುಗಳೇ. ಸಿಟ್ಟಾಗಬ್ಯಾಡ್ರಿ. ಸುಧಾಗೆ ಗುರುವಾರ ಹೋಗು ಅಂದು, ನೀವ್ಯಾಕ ಇವತ್ತೇ ಬಂದ್ರಿ?"

ಉತ್ತರ ತೋಚದಾಗ ಒಮ್ಮೆ ಉಸಿರೆಳೆದು ನಗಬೇಕೆಂದು ಅವನೇ ಕಲಿಸುತ್ತಿದ್ದ. ಬಕ್ಕೇಶ ಉಸಿರೆಳೆದ; ನಗುವ ಬದಲು ಮಡಿಲಿನ ಕವರಿನ ಅಂಚು ಮಡಚತೊಡಗಿದ.

"ನಿನ್ನೆ ಆಫೀಸು ತೆಗೀತಿದ್ದಂಗೇ ಫೋನ್ ಮಾಡಿದ್ಳು," ವಾಮದೇವಪ್ಪನವರ ದನಿಯಲ್ಲಿ ಗದರಿಕೆ ಇರಲಿಲ್ಲ, ಅದಿದ್ದಿದ್ದರೆ ಎಷ್ಟೋ ಹಗುರಾಗುತ್ತಿತ್ತು. "ಯಾಕೆ ಏನು ಅಂತ ಕೇಳಾಕಲ್ಲ. ದಿನ ಬದಲಾಗಿದ್ದನ್ನ ತಿಳಿಸಿದ್ರಿ, ಥ್ಯಾಂಕ್ಸ್ ಅಂತ ಹೇಳಾಕೆ. ನಮ್ಮ ಬಕ್ಕೇಶ್ ಸರ್‌ನೂ ಕೇಳೀನಿ, ಗುರುವಾರಾನೇ ಹೋಗು ಅಂದಾರೆ ಅಂದ್ಳು. ನಾವೆಲ್ಲಿ ದಿನ ಬದಲಾಯಿಸೀವಿ, ಮಂಗಳವಾರಾನೇ ಬಾ ಅಂದೆ. ಅಷ್ಟು ಮಂದಿ ಬರ್ತಾರೆ ಇಲ್ಲಿಗೆ, ಫೋನ್ ಮಾಡಿ ಥ್ಯಾಂಕ್ಸ್ ಹೇಳಿದೋರು ಒಬ್ರಿಲ್ಲ ನೋಡ್ರಿ. ಯಾರು ಕಲಿಸಿದ್ದಮ್ಮಾ ಅಂದೆ. ಕೊನೇ ಕ್ಲಾಸಿನಾಗೆ ನಮ್ಮ ಸರ್ರೇ ಅಂದ್ಳು." ಕಿವಿಗೆ ಕೈ ಹಿಡಿದು ನಗುತ್ತಿದ್ದ ಹುಡುಗರ ಸಾಲಿನಲ್ಲಿ ನಗದೆ ಕೂತಿದ್ದ ಒಂದು ಮುಖ ಬಕ್ಕೇಶನಿಗೆ ಈಗ ನೆನಪಾಯಿತು. ಒಳಕೋಣೆಯ ಬಾಗಿಲು ತೆರೆಯಿತು. ಬೆಳಗ್ಗೆಯೇ ಬಂದು ಎಲ್ಲ ಮುಗಿಸಿಕೊಂಡಿದ್ದ ಸುಧಾ ತಲೆ ಎತ್ತದೆ ಅವನ ಬಳಿ ಬಂದಳು. ತನ್ನ ಕಾಗದಗಳನ್ನೆಲ್ಲ ತೆಗೆದು, ಸೆರಗಿನಿಂದ ಒರೆಸಿ ಹೊಳಪು ಮಾಡಿದ್ದ ಕಪ್ಪು ಫೈಲನ್ನು ಎರಡೂ ಕೈಯಲ್ಲಿ ಹಿಡಿದು, ಸೀರೆ ಅಂಗಡಿಯ ಕವರಿನ ಮೇಲೆ ಸದ್ದಾಗದಂತೆ ಇಟ್ಟಳು.