ಸ್ಪೀಕರಿನಲ್ಲಿ ಬೇರೆ ದನಿ

"ನನ್ನ ಮುಖ ನೋಡಿ ಹೇಳ್ರೀ! ಗಡ್ಡೆ ಮತ್ತೆ ಬಂದಿದೆ ಅಲ್ವಾ?"

ಸಿ.ಟಿ. ಸ್ಕ್ಯಾನ್ ಕೋಣೆಯ ಹೊರಗೆ ಅವಳು ಟೆಕ್ನಿಷಿಯನ್‌ನನ್ನು ಅಡ್ಡಗಟ್ಟಿದಳು.

ಕೀಮೋ ಮುಗಿದು ವರ್ಷವಾಗಿತ್ತು. ಮೂರು ತಿಂಗಳಿಗೊಮ್ಮೆ ಸ್ಕ್ಯಾನ್. ಪ್ರತಿ ಸಲವೂ ಸ್ಪೀಕರಿನಲ್ಲಿ ಅವನದೇ ದನಿ... "ಟೈಲರಮ್ಮ, ಉಸಿರು ಹಿಡ್ಕೊಳ್ಳಿ... ಹಾಂ, ಬಿಡಿ." ಅವಳ ಹೊಲಿಗೆ ಕೆಲಸ ತಿಳಿದು ಅವನು ಹಾಗೆ ಕರೆದರೆ, ಅವಳು ಅವನಿಗೆ ಉಸಿರು ಮೇಷ್ಟ್ರು ಎಂದು ಹೆಸರಿಟ್ಟಿದ್ದಳು.

ಇವತ್ತು ಬೇರೆ ಯಾರದೋ ದನಿ! ಇವನು ನೋಡಿದರೆ ಕಾರಿಡಾರಿನಲ್ಲಿ ಗೋಡೆ ನೋಡುತ್ತ ನಿಂತಿದ್ದ.

"ರಿಪೋರ್ಟ್ ಡಾಕ್ಟರ್ ಕೊಡ್ತಾರೆ. ನಾವು ಹೇಳೋ ಹಾಗಿಲ್ಲ," ಎಂದ, ತಲೆ ತಗ್ಗಿಸಿ.

ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಹಾಗಿದೆ ಮುಖ... ಬಂದಿದೆ. ಖಂಡಿತ ಬಂದಿದೆ!

ಬೆಂಚಿನಿಂದ ಅಕ್ಕ ಓಡಿ ಬಂದಳು. "ಯಾಕೇ, ಏನಾಯ್ತು?"

"ಏನಾದ್ರೂ ಆಗ್ಲಿ ಅಕ್ಕಾ. ಒಂದು ಸಲ ಸೋಲಿಸಿದೀನಿ, ಇನ್ನೊಂದು ಸಲ ಸೋಲಿಸ್ತೀನಿ."

ಮರುದಿನ ಡಾಕ್ಟರು ಕನ್ನಡಕ ತೆಗೆದು ನಕ್ಕರು. "ಹಳೇ ಕಲೆ ಬಿಟ್ರೆ ಏನೂ ಇಲ್ಲಮ್ಮ. ಮುಂದಿನ ಸ್ಕ್ಯಾನ್ ಆರು ತಿಂಗಳು ಬಿಟ್ಟು."

ಅಕ್ಕ ಅಲ್ಲೇ ಅತ್ತುಬಿಟ್ಟಳು. ಇವಳಿಗೆ ಸಂತೋಷಕ್ಕಿಂತ ಮೊದಲು ಬಂದದ್ದು ಸಿಟ್ಟು! ಮೆಟ್ಟಿಲಿಳಿದು ನೇರ ಸ್ಕ್ಯಾನ್ ಕೋಣೆಗೆ ಹೋದಳು. ಅವನು ಮೇಜಿನ ಮೇಲೆ ಹೊಸ ಹಾಳೆ ಹಾಸುತ್ತಿದ್ದ.

"ಏನೂ ಇಲ್ವಂತೆ! ಮತ್ತೆ ನಿನ್ನೆ ಯಾಕ್ರೀ ಹಾಗೆ ಮುಖ ಮಾಡ್ಕೊಂಡು ನನ್ನ ಜೀವ ತೆಗೆದ್ರಿ?"

ಅವನ ಕೈಯಿಂದ ಹಾಳೆ ಜಾರಿತು. "ಏನೂ... ಇಲ್ವಾ? ನಿಜವಾಗ್ಲೂ?"

"ನೀವು ನೋಡೇ ಇಲ್ವಾ?"

"ನೋಡೋ ಧೈರ್ಯ ಇರ್ಲಿಲ್ಲ. ಹೋದ ಸಲ ನಿಮಗೆ ಸೂಜಿ ಹಾಕುವಾಗ ಕೈ ನಡುಗ್ತು. ಹತ್ತು ವರ್ಷದ ಕೆಲಸದಲ್ಲಿ ಅದೇ ಮೊದಲು! ನಿಮ್ಮ ಮೇಲೆ ಮನಸ್ಸು ಇಟ್ಕೊಂಡು ಈ ಕೆಲಸ ಮಾಡಬಾರದು. ಅದಕ್ಕೇ ನಿಮ್ಮ ಸ್ಕ್ಯಾನ್ ಬೇರೆಯವರು ಮಾಡ್ಲಿ ಅಂತ ಬರೆದುಕೊಟ್ಟೆ."

ಅವಳು ಬಿದ್ದ ಹಾಳೆ ಎತ್ತಿ ಅವನ ಕೈಗಿಟ್ಟಳು.

"ಇದು ಮತ್ತೆ ಬರಬಹುದು. ಗೊತ್ತು ತಾನೇ?"

"ದಿನಾ ನೋಡ್ತೀನಲ್ಲ, ಗೊತ್ತು. ಆ ಮೈಕಿನ ಮುಂದಿನ ಕುರ್ಚಿಲಿ ಬೇರೆ ಯಾರಾದ್ರೂ ಕೂತ್ಕೊಳ್ಳಲಿ. ನಾನು ಹೊರಗೆ ಬೆಂಚಿನ ಮೇಲೆ, ನಿಮ್ಮ ಅಕ್ಕನ ಪಕ್ಕ ಕೂತಿರ್ತೀನಿ... ನೀವು ಹೂಂ ಅಂದ್ರೆ."

ಅವನು ಉಸಿರು ಬಿಗಿಹಿಡಿದು ನಿಂತ.

"ಮೇಷ್ಟ್ರೇ..."

"ಹಾಂ?"

"ಉಸಿರು ಬಿಡಿ. ಹೂಂ ಅಂದೆ."