ಮೂಗುತಿ ತೊಟ್ಟ ಮೀನು

"ಅದಕ್ಕೆ ನೋವಾಗ್ತದಾ?"

ಗಂಡ ಸತ್ತ ಮೇಲೆ ಅಂಜನಮ್ಮನ ಬಾಯಿಂದ ಹೊರಬಿದ್ದ ಮೊದಲ ಮಾತು ಇದು. ಅದೂ ಯಾರ ಹತ್ತಿರ? ಸೊಂಟದವರೆಗಿನ ನೀರಿನಲ್ಲಿ, ಮಗುವಿನಷ್ಟು ಉದ್ದದ ಮೀನೊಂದನ್ನು ಎರಡೂ ತೋಳಿನಲ್ಲಿ ತಬ್ಬಿಕೊಂಡು ನಿಂತಿದ್ದ, ಹೆಸರು ಬಿಟ್ಟರೆ ಬೇರೇನೂ ಗೊತ್ತಿಲ್ಲದ ಒಬ್ಬ ಗಂಡಸಿನ ಹತ್ತಿರ!

ಅವನು ತಲೆಯೆತ್ತಿ ಅವಳನ್ನು ನೋಡಿದ.

"ನಿಂಗೆ ಚುಚ್ಚಿಸಿದಾಗ ಆಗ್ಲಿಲ್ವಾ?"

ಅಂಜನಮ್ಮ ನೆನಪು ಮಾಡಿಕೊಳ್ಳಲು ನೋಡಿದಳು. ಸಣ್ಣವಳಿದ್ದಾಗ ಅತ್ತಿರಬೇಕು. ಅಮ್ಮ ಬೆಲ್ಲ ಕೊಟ್ಟಿರಬೇಕು. ಆದರೆ ನೋವು ಅಂದರೆ ಹೇಗಿರುತ್ತದೆ ಎಂಬುದೇ ಅವಳಿಗೆ ಮರೆತುಹೋಗಿತ್ತು.

"ಗೊತ್ತಿಲ್ಲ" ಎಂದು ಅಂಗೈ ಬಿಚ್ಚಿದಳು. ಚಿನ್ನದ ತಂತಿಯ ಪುಟ್ಟ ಬಳೆಯಂಥ ಮೂಗುತಿ ಅಲ್ಲಿತ್ತು.

ಬ್ರಿಟಿಷರ ಕಾಲದ ಮಾತಿದು. ಕಳಸದ ಕೆಳಗೆ ಭದ್ರಾ ನದಿ ಬಂಡೆಗಳ ನಡುವೆ ಸುತ್ತಿಕೊಂಡು ನಿಲ್ಲುವ ಮಡುವೊಂದಿತ್ತು. ಊರವರು ಅದನ್ನು ಅಮ್ಮನ ಗುಂಡಿ ಎನ್ನುತ್ತಿದ್ದರು. ಅಲ್ಲಿಯ ಮೀನು ದೇವರದ್ದು. ಹಿಡಿದು ಕೊಲ್ಲುವಂತಿಲ್ಲ, ತಿನ್ನುವಂತಿಲ್ಲ. ಹರಕೆ ಹೊತ್ತವರು ಅನ್ನ ಹಾಕಬಹುದು, ತೀರಾ ದೊಡ್ಡ ಹರಕೆಯಾದರೆ ಮೀನಿನ ತುಟಿಗೆ ಮೂಗುತಿ ತೊಡಿಸಿ ಮತ್ತೆ ನೀರಿಗೆ ಬಿಡಬಹುದು.

ಗಂಡ ತಿಮ್ಮಪ್ಪ ಕಾಫಿ ಎಸ್ಟೇಟಿನ ಕೂಲಿಯಾಳುಗಳ ಲೈನ್ ಮನೆಯಲ್ಲಿ ಚಳಿಜ್ವರದಿಂದ ನಡುಗುತ್ತಿದ್ದಾಗ ಅಂಜನಮ್ಮ ಆ ದೊಡ್ಡ ಹರಕೆಯನ್ನೇ ಹೊತ್ತಿದ್ದಳು. ಹರಕೆ ತೀರಿಸುವ ಮೊದಲೇ ತಿಮ್ಮಪ್ಪ ತೀರಿಹೋದ. ಗುಂಡಿಯ ಅಮ್ಮ ಮೊರೆ ಕೇಳಲಿಲ್ಲ, ಇನ್ನೇಕೆ ಕೊಡಬೇಕು ಎಂದು ಲೈನಿನವರು ಹೇಳಿದ್ದುಂಟು. ಅತ್ತೆ ಮುದ್ದಮ್ಮ ಮಾತ್ರ, "ಹೆಂಗೂ ಮೂಗಿಂದ ತೆಗೀಬೇಕಲ್ಲ ಮಗಾ. ಪೆಟ್ಟಿಗೇಲಿ ಇಟ್ಟು ಎಂತ ಮಾಡ್ತೀಯ? ನೀರಿಗೇ ಹೋಗ್ಲಿ" ಎಂದಿದ್ದಳು.

ಮೀನಿಗೆ ಪೆಟ್ಟಾಗದಂತೆ ಹಿಡಿಯಬಲ್ಲವನು ಆ ಸೀಮೆಗೆಲ್ಲ ಒಬ್ಬನೇ. ಗುರುವಯ್ಯ. ಎಸ್ಟೇಟಿನ ಬಂಗಲೆಯ ಬಿಳಿ ದೊರೆಗೆ ಗಾಳದ ಹುಚ್ಚು. ಆ ಹುಚ್ಚಿಗೆ ದಾರಿ ತೋರಿಸುವುದೇ ಗುರುವಯ್ಯನ ಕೆಲಸ.

ಅಂದು ಅವನು ಅವಳ ಅಂಗೈಯ ಮೂಗುತಿಯನ್ನು ಮೀನಿನ ತುಟಿಯಂಚಿಗೆ ಸಿಕ್ಕಿಸಿ ತೋಳು ಸಡಿಲಿಸಿದ. ಮೀನು ಒಮ್ಮೆ ಮಗ್ಗುಲಾಗಿ ಹೊರಳಿ ಆಳಕ್ಕಿಳಿಯಿತು.

"ಅಷ್ಟೇ" ಎಂದ ಗುರುವಯ್ಯ.

ಅಷ್ಟೇನಾ... ಎಂದುಕೊಂಡಳು ಅಂಜನಮ್ಮ. ಅವಳಿಗೆ ಅಳು ಬರಲಿಲ್ಲ. ತಿಮ್ಮಪ್ಪನನ್ನು ಮಣ್ಣು ಮಾಡಿದ ದಿನವೂ ಬಂದಿರಲಿಲ್ಲ.

ಆಮೇಲಿನ ದಿನಗಳು ಒಂದರಂತೆ ಇನ್ನೊಂದು. ಬೆಳಿಗ್ಗೆ ಹಾಜರಿ, ಹಣ್ಣು ಕುಯ್ಯುವುದು, ಬುಟ್ಟಿ ಹೊತ್ತು ಕಣಕ್ಕೆ ಸುರಿಯುವುದು, ಸಂಜೆ ಒಂದು ಹಿಡಿ ಅನ್ನ ತಂದು ಗುಂಡಿಯ ಬಂಡೆಯ ಮೇಲೆ ಕೂರುವುದು. ಮುಳ್ಳು ತರಚಿ ರಕ್ತ ಬಂದರೂ ಪಕ್ಕದವರು ಹೇಳಿದ ಮೇಲೇ ಅವಳಿಗೆ ಗೊತ್ತಾಗುತ್ತಿತ್ತು. ಒಳಗೆಲ್ಲ ಮರಗಟ್ಟಿತ್ತು ಪಾಪ!

ಅನ್ನ ಹಾಕಿದರೆ ಮೀನುಗಳು ಮೇಲೆ ಬರುತ್ತಿದ್ದವು. ಅವುಗಳ ನಡುವೆ ಒಂದು ಚೂರು ಚಿನ್ನ ಮಿನುಗುತ್ತಿತ್ತು. ಅದನ್ನು ಕಂಡ ಮೇಲೆ ಅವಳು ಎದ್ದು ಹೋಗುತ್ತಿದ್ದಳು.

ದೊರೆಯನ್ನು ಬಂಗಲೆಗೆ ಮುಟ್ಟಿಸಿ ಗುರುವಯ್ಯನೂ ಅದೇ ಹೊತ್ತಿಗೆ ಆ ದಾರಿಯಲ್ಲಿ ಬರುತ್ತಿದ್ದ. ಹತ್ತಿರ ಕೂರುತ್ತಿರಲಿಲ್ಲ. ಆಚೆ ಬಂಡೆಯ ಮೇಲೆ ಕುಕ್ಕರುಗಾಲಲ್ಲಿ ಕೂತು, ಯಾರೂ ಕೇಳದಿದ್ದರೂ ಅಂದಿನ ವರದಿ ಒಪ್ಪಿಸುತ್ತಿದ್ದ.

"ಇವತ್ತು ಹರಿಗೋಲಲ್ಲಿ ಕೆಳಗಿನ ತಿರುವಿನ ತನಕ ಹೋಗಿದ್ವಿ. ಗಾಳಕ್ಕೆ ಸಿಕ್ಕಿಸೋ ರಾಗಿ ಉಂಡೆ ಎಲ್ಲ ಖಾಲಿ. ಸಿಕ್ಕಿದ್ದು ಒಂದು ಏಡಿ! ದೊರೆಗೆ ಎಂಥಾ ಸಿಟ್ಟು ಅಂತೀಯ... ಟೋಪಿ ತೆಗೆದು ಹೊಳೆಗೆ ಬಿಸಾಡಿದ್ರು. ಆಮೇಲೆ ಅದನ್ನ ಹಿಡಿಯೋಕೆ ನಾನು ಈಜಬೇಕಾಯ್ತು."

ಅವಳು ನಗುತ್ತಿರಲಿಲ್ಲ. ಅವನಿಗೂ ಬೇಸರವಿರಲಿಲ್ಲ.

ಇನ್ನೊಂದು ದಿನ ಸಮುದ್ರದ ಸುದ್ದಿ. ದೊರೆ ಅವನನ್ನು ಘಾಟಿಯ ಕೆಳಗೆ ಮಂಗಳೂರಿಗೆ ಕರೆದೊಯ್ದಿದ್ದನಂತೆ. "ಅಲ್ಲಿ ನೀರಿಗೆ ಆಚೆ ದಡವೇ ಇಲ್ಲ ಮಾರಾಯ್ತಿ! ದೋಣಿಯಲ್ಲಿ ಕೂತು ನಾನು ವಾಂತಿ ಮಾಡಿ ಮಾಡಿ ಸತ್ತೆ. ದೊರೆಗೆ ದಾರಿ ತೋರಿಸೋಕೆ ಹೋದವನನ್ನ ದೊರೆಯೇ ಎತ್ತಿಕೊಂಡು ಬರಬೇಕಾಯ್ತು."

ಅಂದು ಅವಳ ತುಟಿಯ ಒಂದು ಕೊನೆ ಅಲುಗಿತೇನೋ. ಗುರುವಯ್ಯ ಅದನ್ನು ಕಂಡ. ಹುಡುಗ ಮನಸ್ಸು ಕೊಟ್ಟದ್ದು ಅಂದೇ ಎಂದು ನಾವು ಹೇಳಬಹುದು. ಅವನು ಯಾರಿಗೂ ಹೇಳಲಿಲ್ಲ.

ಬೇಸಿಗೆ ಬಂತು. ಹೊಳೆ ಇಳಿಯಿತು. ದೊರೆಗೆ ವಾರಗಟ್ಟಲೆ ಒಂದು ಒಳ್ಳೆ ಮೀನೂ ಬೀಳಲಿಲ್ಲ. ಒಂದು ಮಧ್ಯಾಹ್ನ ಅವನು ಗುರುವಯ್ಯನ ಮಾತು ಕೇಳದೆ ನೇರವಾಗಿ ಅಮ್ಮನ ಗುಂಡಿಯ ದಡಕ್ಕೆ ನಡೆದ.

"ದೊರೆ, ಅಲ್ಲಿ ಬೇಡ. ಅದು ಅಮ್ಮನ ಜಾಗ!"

"ದೊಡ್ಡ ಮೀನು ಎಲ್ಲ ಇಲ್ಲೇ ಉಂಟು. ನೀನು ನನ್ನನ್ನು ದಿನಾ ಈ ಜಾಗ ದಾಟಿಸಿಕೊಂಡು ಹೋಗ್ತಿ, ಗುರುವಾ!" ಎಂದವನೇ ಗಾಳ ಎಸೆದ.

ಹೊಳೆಗೆ ಬಟ್ಟೆ ಒಗೆಯಲು ಬಂದಿದ್ದ ಅಂಜನಮ್ಮ ತಿರುವು ದಾಟುವಾಗ ದೊರೆಯ ಕೋಲು ಬಿಲ್ಲಿನಂತೆ ಬಾಗಿತ್ತು. ನೀರು ಕುದಿಯುತ್ತಿತ್ತು. ಮೀನೊಂದು ಮೇಲೆ ಚಿಮ್ಮಿತು. ಅದರ ತುಟಿಯಲ್ಲಿ ಚಿನ್ನ!

ಗುರುವಯ್ಯ ನೀರಿಗೆ ಹಾರಿದ. ಅವನ ಕೈಯಲ್ಲಿ ಚೂರಿಯಿತ್ತು. ಮೀನಿನ ಮೇಲೆ ಬಿದ್ದ. ಮೀನಿನ ಜೊತೆ ಅವನೂ ಮುಳುಗಿದ. ಕ್ಷಣದ ಮೇಲೆ ಅಲ್ಲಿ ಕೆಂಪು ಹರಡಿತು.

"ಕೊಂದ! ಅಯ್ಯೋ... ಕೊಂದುಬಿಟ್ಟ!"

ಅಂಜನಮ್ಮನ ಆ ಕಿರುಚಾಟಕ್ಕೆ ತೋಟದಲ್ಲಿದ್ದವರೆಲ್ಲ ಓಡಿಬಂದರು. ಮೇಸ್ತ್ರಿ ದಾಸಯ್ಯ ಎಲ್ಲರ ಮುಂದೆ, ದೊರೆಯ ಎದುರಿಗೇ ಕೇಳಿದ. "ಎಂತ ಮಾಡ್ದೆ ಗುರುವಾ? ಬಾಯಿ ಬಿಡು!"

ಗುರುವಯ್ಯ ಬಲಗೈಯನ್ನು ಒದ್ದೆ ಪಂಚೆಯಲ್ಲಿ ಸುತ್ತಿಕೊಂಡು ನಿಂತಿದ್ದ. ಅಂಜನಮ್ಮನ ಕಡೆ ಒಮ್ಮೆ ನೋಡಿದ.

"ಕೈಗೆ ಸಿಗ್ಲಿಲ್ಲ. ಚೂರಿ ಹಾಕ್ದೆ. ಸತ್ತು ಸೆಳವಿಗೆ ಹೋಯ್ತು."

ಜೀವಮಾನದ ಮೀನನ್ನು ಹಾಳುಮಾಡಿದನೆಂದು ದೊರೆ ಅಲ್ಲೇ ಅವನನ್ನು ಕೆಲಸದಿಂದ ಕಿತ್ತುಹಾಕಿದ. ದೇವರ ಮೀನು ಕೊಂದವನೆಂದು ಊರು ಬಹಿಷ್ಕಾರ ಹಾಕಿ ಅವನಿಗೆ ಬೆಂಕಿ-ನೀರು ನಿಲ್ಲಿಸಿತು. ಮಾರನೆಯ ದಿನವೇ ಅವನು ಚಾರ್ಮಾಡಿ ಘಾಟಿ ಇಳಿದು ಹೋದ ಎಂದು ಸುದ್ದಿ ಬಂತು.

"ನೀನು ಕಣ್ಣಾರೆ ಕಂಡೆಯಾ?" ಎಂದು ಮುದ್ದಮ್ಮ ಕೇಳಿದಳು.

"ಕಂಡೆ."

ಹೇಳುವಾಗ ಅವಳಿಗೆ ಏನೂ ಅನ್ನಿಸಲಿಲ್ಲ. ಸಿಟ್ಟು ಆ ಕಿರುಚಾಟದಲ್ಲೇ ಮುಗಿದುಹೋಗಿತ್ತು. ಅವಳು ಗುಂಡಿಯ ಕಡೆ ಹೋಗುವುದನ್ನೇ ಬಿಟ್ಟಳು. ಸಂಜೆಯ ಹೊತ್ತು ಮಾತ್ರ ಕೈ ಸುಮ್ಮನೆ ಅನ್ನದ ಮಡಕೆಯ ಕಡೆ ಹೋಗುತ್ತಿತ್ತು, ಕಿವಿ ಯಾವುದೋ ವರದಿಗೆ ಕಾಯುತ್ತಿತ್ತು. ಯಾಕೆ ಎಂದು ಅವಳು ಕೇಳಿಕೊಳ್ಳಲಿಲ್ಲ.

ಮಳೆಗಾಲ ಬಂದು ಹೋಯಿತು. ಕೆಂಪಗಿದ್ದ ಹೊಳೆ ದೀಪಾವಳಿಯ ಹೊತ್ತಿಗೆ ತಿಳಿಯಾಯಿತು.

"ತಿಮ್ಮಪ್ಪನ ಹೆಸರಲ್ಲಿ ಒಂದು ಹಿಡಿ ಅನ್ನ ಹಾಕಿ ಬಾ. ಬೇರೆ ಮೀನಾದರೂ ತಿನ್ಲಿ" ಎಂದು ಮುದ್ದಮ್ಮ ಒತ್ತಾಯ ಮಾಡಿ ಕಳಿಸಿದಳು.

ಅಂಜನಮ್ಮ ಅನ್ನ ಚೆಲ್ಲಿದಳು. ಸಣ್ಣ ಮೀನುಗಳು ಮುತ್ತಿದವು. ಅವು ಇದ್ದಕ್ಕಿದ್ದಂತೆ ಬದಿಗೆ ಸರಿದವು. ಕೆಳಗಿನಿಂದ ದೊಡ್ಡದೊಂದು ನಿಧಾನವಾಗಿ ಮೇಲೆ ಬಂತು.

ಗಾಳ ಸಿಕ್ಕಿದ್ದ ಬಾಯಿಯ ಒಂದು ಮಗ್ಗುಲು ಹರಿದು ಮಾಗಿತ್ತು. ಇನ್ನೊಂದು ಮಗ್ಗುಲಲ್ಲಿ ಅವಳ ಮೂಗುತಿ!

ಮೈಮೇಲೆ ಚೂರಿಯ ಒಂದು ಗೆರೆಯೂ ಇರಲಿಲ್ಲ.

ಹಾಗಾದರೆ ಆ ರಕ್ತ? ಅವನು ಪಂಚೆಯಲ್ಲಿ ಸುತ್ತಿಕೊಂಡಿದ್ದ ಆ ಕೈ?

ಗಾಳದ ದಾರ ಕಡಿದಿದ್ದಾನೆ... ಮೀನನ್ನಲ್ಲ, ದಾರವನ್ನು! ಮತ್ತೆ ಸತ್ತಿತು ಅಂತ ಯಾಕೆ ಹೇಳಿದ?

ಉತ್ತರ ಎದುರಿಗೇ ಇತ್ತು. ಆ ಜೀವಮಾನದ ಮೀನೇ ಸತ್ತಿತೆಂದು ನಂಬಿ ದೊರೆ ಅಂದಿನಿಂದ ಈ ಕಡೆ ತಲೆ ಹಾಕಿರಲಿಲ್ಲ. ಬದುಕಿದೆ ಎಂದು ಗೊತ್ತಾಗಿದ್ದರೆ ಅವನು ಬೇರೆಯವರನ್ನು ಕಟ್ಟಿಕೊಂಡು ಮರುದಿನವೇ ಬರುತ್ತಿದ್ದ. ಸತ್ತ ಮೀನನ್ನು ಯಾರು ಹುಡುಕುತ್ತಾರೆ?

ಊರೆಲ್ಲ ಕೂಗಿ ಹೇಳಬೇಕು ಅನ್ನಿಸಿತು ಅವಳಿಗೆ. ಗುರುವಯ್ಯ ಕೊಂದಿಲ್ಲ! ನಾನು ಕಂಡದ್ದು ಸುಳ್ಳು! ಆದರೆ ಕೂಗಿದರೆ ಬಂಗಲೆಗೂ ಕೇಳುತ್ತದೆ. ಅವನು ತಲೆಯ ಮೇಲೆ ಹೊತ್ತು ಹೋದ ಪಾಪಕ್ಕೆ ಅರ್ಥವೇ ಇರುವುದಿಲ್ಲ.

ಮನೆಗೆ ಬಂದು ಮುದ್ದಮ್ಮನ ಕಿವಿಯಲ್ಲಿ ಮಾತ್ರ ಹೇಳಿದಳು.

"ಬಣಕಲ್ಲಿಗೆ ಮಗಳ ಬಾಣಂತನಕ್ಕೆ ಹೋಗ್ಬೇಕು ನಾನು. ಇನ್ನು ಅಲ್ಲೇ ಇರು ಅಂದಿದ್ದಾಳೆ. ನೀನೂ ಬಾ" ಎಂದಳು ಮುದುಕಿ. "ಅಲ್ಲಿಂದ ಕೊಟ್ಟಿಗೆಹಾರ ಹತ್ತಿರ. ಘಾಟಿ ಹತ್ತಿ ಒಣಮೀನಿನ ಗಾಡಿ ಬರ್ತಾವೆ. ಗುರುವ ಗಾಡಿ ಹೊಡೀತಾನೆ ಅಂತ ದಾಸಯ್ಯ ಹೇಳ್ತಿದ್ದ."

"ಅತ್ತೆ..."

"ನಮ್ಮವರಲ್ಲಿ ಗಂಡ ಸತ್ತೋಳಿಗೆ ಇನ್ನೊಬ್ಬ ಸೀರೆ ಉಡಿಸಿ ಕರ್ಕೊಂಡು ಹೋಗೋದು ಉಂಟು. ನಂಗೂ ಹಂಗೇ ಆಗಿದ್ದು. ತಿಮ್ಮಪ್ಪ ಹುಟ್ಟಿದ್ದು ಆಮೇಲೇ, ಗೊತ್ತಾ ನಿಂಗೆ?"

ಅಂಜನಮ್ಮ ಕೊಟ್ಟಿಗೆಹಾರದ ಅಂಗಡಿಸಾಲಿಗೆ ಬಂದ ದಿನ ಬಿಸಿಲಿತ್ತು. ಘಾಟಿ ಹತ್ತಿ ದಣಿದ ಎತ್ತುಗಳಿಗೆ ಒಬ್ಬನು ಹುಲ್ಲು ಹಾಕುತ್ತಿದ್ದ. ಗಾಡಿಯಿಂದ ಒಣಮೀನಿನ ವಾಸನೆ ಗಪ್ಪೆಂದು ಬಡಿಯಿತು. ಎಷ್ಟೋ ದಿನದ ಮೇಲೆ ಅವಳ ಮೂಗಿಗೆ ಒಂದು ವಾಸನೆ ತಿಳಿದಿತ್ತು.

"ಗುರುವಯ್ಯ..."

ಅವನು ತಿರುಗಿದ. ಕಪ್ಪಾಗಿದ್ದ, ಇಳಿದುಹೋಗಿದ್ದ. ಹುಲ್ಲಿನ ಕಂತೆ ಕೈಯಲ್ಲೇ ಉಳಿಯಿತು.

"ಕೈ ತೋರ್ಸಿ" ಎಂದಳು ಅವಳು.

"ಎಂತಕ್ಕೆ?"

"ತೋರ್ಸಿ ಅಂದೆ!"

ಬಲ ಅಂಗೈಗೆ ಅಡ್ಡಲಾಗಿ ಆಳವಾದ ಗಾಯದ ಕಲೆಯಿತ್ತು. ಬಿಗಿದ ದಾರ ಕೊಯ್ದದ್ದು. ಹೆಬ್ಬೆರಳು ಪೂರ್ತಿ ಮಡಚುತ್ತಿರಲಿಲ್ಲ.

"ಉಂಟಾ ಅದು?" ಅವನು ಮೆಲ್ಲಗೆ ಕೇಳಿದ.

"ಉಂಟು. ಅನ್ನ ತಿಂತು. ಮೂಗುತಿಯೂ ಉಂಟು."

ಗುರುವಯ್ಯ ಕಣ್ಣು ಮುಚ್ಚಿ ಉಸಿರು ಬಿಟ್ಟ. "ಸಾಕು ಬಿಡು."

"ಸಾಕಾ?" ಅವಳ ದನಿ ಏರಿತು. ಅಂಗಡಿಯವರು ತಿರುಗಿ ನೋಡಿದರು. "ನಂಗಾದ್ರೂ ಒಂದು ಮಾತು ಹೇಳ್ಬಾರ್ದಿತ್ತಾ? ನಿಮ್ಮನ್ನ ಕೊಲೆಗಾರ ಮಾಡಿದ್ದು ನನ್ನ ಬಾಯಿ! ಎಲ್ಲರ ಎದುರಿಗೆ ಕಿರುಚಿದ್ದು ನಾನು!"

"ನೀನು ಹಂಗೆ ಕಿರುಚಿದ್ದಕ್ಕೇ ದೊರೆ ನಂಬಿದ್ದು, ಅಂಜನಮ್ಮ. ನಾನೊಬ್ಬನೇ ಹೇಳಿದ್ರೆ ನಂಬ್ತಿರ್ಲಿಲ್ಲ." ಅವನು ನೆಲ ನೋಡುತ್ತಾ ಹೇಳಿದ. "ಮತ್ತೆ... ಅಷ್ಟು ದಿನ ಕೂತು ಏನೇನೋ ಹರಟಿದ್ದೆ ನಾನು. ಒಂದು ನಗು ಬರ್ಲಿ, ಒಂದು ಬೈಗುಳ ಬರ್ಲಿ ಅಂತ. ಅವತ್ತು ನಿನ್ನ ಗಂಟಲಿಂದ ಅಷ್ಟು ದೊಡ್ಡ ದನಿ ಬಂತಲ್ಲ... ಬದುಕಿದ್ದಾಳೆ ಅನ್ನಿಸ್ತು. ಘಾಟಿ ಇಳೀತಾ ಅದನ್ನೇ ನೆನೆಸ್ಕೊಂಡು ಹೋದೆ."

ಅಂಜನಮ್ಮ ಅವನ ಎದೆಗೆ ಎರಡೂ ಮುಷ್ಟಿಯಿಂದ ಗುದ್ದಿದಳು. ಒಮ್ಮೆ... ಮತ್ತೊಮ್ಮೆ. ಮೂರನೆಯ ಸಲ ಕೈ ಮೇಲೇಳಲಿಲ್ಲ. ಅಳು ಬಂತು. ತಿಮ್ಮಪ್ಪನಿಗಾಗಿ ಅಳದಿದ್ದದ್ದು, ತನಗಾಗಿ ಅಳದಿದ್ದದ್ದು, ಇವನಿಗಾಗಿ ಅಳದಿದ್ದದ್ದು ಎಲ್ಲವೂ ಒಟ್ಟಿಗೇ ಬಂತು. ನಡುರಸ್ತೆ ಎಂಬ ನಾಚಿಕೆಯೂ ಅವಳಿಗಿರಲಿಲ್ಲ. ಗುರುವಯ್ಯ ಹುಲ್ಲಿನ ಕಂತೆ ಹಿಡಿದೇ ನಿಂತಿದ್ದ. ಎತ್ತು ಅದನ್ನು ಎಳೆದು ತಿನ್ನತೊಡಗಿತು.

"ಊರಿಗೆ ನಾನು ಬರೋ ಹಂಗಿಲ್ಲ" ಎಂದ ಅವನು, ಅವಳ ಬಿಕ್ಕು ಇಳಿದ ಮೇಲೆ. "ಬಂದ್ರೆ ಎಲ್ಲ ಹೇಳ್ಬೇಕಾಗ್ತದೆ."

"ನಾನು ಘಾಟಿ ಇಳಿಯೋ ಹಂಗುಂಟಲ್ಲ."

ಅವನು ಚಕ್ಕನೆ ತಲೆಯೆತ್ತಿದ.

"ಮುದ್ದಮ್ಮ?"

"ಬಣಕಲ್ಲಲ್ಲಿ ಮಗಳ ಮನೇಲಿ ಕಾಯ್ತಿದ್ದಾರೆ. ಸೀರೆ ತಗೊಂಡು ಬಂದ್ರೆ ಮಾತ್ರ ಮನೆಗೆ ಸೇರಿಸ್ತಾರಂತೆ ನಿಮ್ಮನ್ನ."

ಗುರುವಯ್ಯನ ಮುಖದಲ್ಲಿ ನಗು ಬರಲೋ ಬೇಡವೋ ಎಂದು ನೋಡಿತು. ಕೊನೆಗೆ ಬಂತು. ಅವನು ಹೆದರುತ್ತಲೇ ಬೆರಳಿನ ತುದಿಯಿಂದ ಅವಳ ಖಾಲಿ ಮೂಗನ್ನು ಮುಟ್ಟಿದ.

"ಸೀರೆ ಜೊತೆ ಇಲ್ಲಿಗೂ ಒಂದು ತರ್ತೇನೆ. ಆದ್ರೆ... ತೂತು ಮುಚ್ಚಿಹೋಗಿದೆ ನೋಡು."

"ಮತ್ತೆ ಚುಚ್ಚಿಸ್ಕೊಳ್ತೇನೆ."

"ನೋವಾಗ್ತದೆ ಮಾರಾಯ್ತಿ."

"ಆಗ್ಲಿ" ಎಂದಳು ಅಂಜನಮ್ಮ, ಒದ್ದೆ ಕಣ್ಣಲ್ಲೇ ನಗುತ್ತಾ. "ನೋವಾಗ್ಲಿ."